ಅಜ್ಜನ ಕಟ್ಟೆ: ಗಂಗಾಮೂಲದಿಂದ ಕೇಡಗಾಂವಿಗೆ

ಮೊಮ್ಮಕ್ಕಳೇ, ನನ್ನ ಓರಗೆಯ ಅಜ್ಜ-ಅಜ್ಜಿಯರೇ,

ಈ ವಾರ ಬೆಲ್ಲದ ಗಾಣದ ಬಗ್ಗೆ ಬರೆಯಬೇಕೆಂದಿದ್ದೆ. ಮೂರು ಮಕ್ಕಳು ಅದನ್ನೇ ಕೇಳಿ ಪತ್ರ ಹಾಕಿದ್ದಾರೆ. ಅದು ಮುಂದಿನ ವಾರಕ್ಕಿರಲಿ. ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿದೆ, ಅದನ್ನು ಬಿಟ್ಟು ಬೇರೆ ಬರೆಯಲು ಕೈ ಓಡುತ್ತಿಲ್ಲ.

ಏಳನೇ ತರಗತಿ ಓದುವ ನನ್ನ ಮೊಮ್ಮಗಳು ರಜೆಗೆ ಚಿಮ್ಮಡಕ್ಕೆ ಬಂದಿದ್ದಾಳೆ. ನಮ್ಮ ಓಣಿಯಲ್ಲಿ ಒಬ್ಬ ನೇಕಾರ ಕಾಕಾ ಇದ್ದಾರೆ. ಅವರ ಹಿರಿಯರು ಗುಳೇದಗುಡ್ಡದ ಕಡೆಯವರು. ಅಲ್ಲಿ ಹಿಂದೆ ಬಾಸೆಲ್ ಮಿಷನ್ನಿನ ಕೇಂದ್ರವಿತ್ತು, ಆ ಕಾಲದಿಂದಲೂ ಅವರ ಮನೆತನ ಕ್ರೈಸ್ತ ಮನೆತನ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದದ್ದು ನಿಮಗೆಲ್ಲ ನೆನಪಿರಬೇಕು. ಆಗ ಹೊಳೆದಂಡೆಯ ಊರೊಂದರಲ್ಲಿ ಕಾಕಾನ ನಾಲ್ಕು ಮಗ್ಗಗಳಿದ್ದವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹಾಸು, ಹೊಕ್ಕು, ಮೋಟಾರು ಎಲ್ಲ ಒಂದೇ ಕೆಸರಿನ ಮುದ್ದೆ. ಸಾಲ ಮಾಡಿ ಎರಡು ಮಗ್ಗ ಸರಿಮಾಡಿಸಿದರು. ಮರುವರ್ಷ ಲಾಕ್‌ಡೌನ್ ಬಂತು, ಸೀರೆ ಕೇಳುವವರಿಲ್ಲ. ಅದಾದ ಮೇಲೆ ಕಾಕುವೂ ತೀರಿಕೊಂಡರು. ಈಗ ಕಾಕಾ ಬನಹಟ್ಟಿಯಲ್ಲಿ ಬೇರೆಯವರ ಮಗ್ಗಕ್ಕೆ ಕೂಲಿ ಹೋಗುತ್ತಾರೆ. ಭಾನುವಾರ ಮಾತ್ರ ಬೆಳಿಗ್ಗೆ ಬಿಳಿ ಅಂಗಿ ಹಾಕಿ, ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಪ್ರಾರ್ಥನೆಗೆ ಬಸ್ಸು ಹತ್ತುತ್ತಾರೆ.

ಹೋದ ಭಾನುವಾರ ಅವರು ನಮ್ಮ ಕಟ್ಟೆಯ ಮುಂದೆ ಬಸ್ಸಿಗೆ ಕಾಯುತ್ತಿದ್ದರು. ಮೊಮ್ಮಗಳು ಸುಮ್ಮನಿರಬೇಕಲ್ಲ!

“ಕಾಕಾ, ನೀವು ಪ್ರಾರ್ಥನಾ ಮಾಡಿದ್ರೂ ಹೊಳಿ ಬಂತು, ಮಗ್ಗ ಹೋತು, ಕಾಕೂನೂ ಹೋದ್ರು. ಮತ್ತ್ಯಾಕ ಹೋಗ್ತೀರಿ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗದರಿಸಲು ಬಾಯಿ ತೆರೆದೆ. ಕಾಕಾ ಕೈಯೆತ್ತಿ ನನ್ನನ್ನು ತಡೆದು, “ಕೂಸು ಕೇಳಿದ್ದು ಖರೇ ಐತ್ರಿ,” ಎಂದರು. ಆಮೇಲೆ ಅವಳ ಕಡೆ ತಿರುಗಿ, “ನಾನೂ ಅದನ್ನ ಕೇಳಾಕ ಹೊಂಟೇನವ್ವಾ,” ಎಂದು ಬಸ್ಸು ಹತ್ತಿ ಹೋದರು.

ಬಸ್ಸು ಹೋಯಿತು, ಪ್ರಶ್ನೆ ಹೋಗಲಿಲ್ಲ. ಸಂಜೆ ಅವಳು ಮತ್ತೆ ಅದನ್ನೇ ತೆಗೆದಳು. ನಾನು ಪಂಡಿತನಲ್ಲ, ಕ್ರೈಸ್ತನೂ ಅಲ್ಲ. ಆದರೆ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಒಂದು ಇಡೀ ಜೀವನ ನಡೆದ ಒಬ್ಬ ಹೆಣ್ಣುಮಗಳ ಕಥೆ ನನಗೆ ಗೊತ್ತಿತ್ತು. ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ಎರಡು ರಾತ್ರಿ ಕೂತು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಪಶ್ಚಿಮ ಘಟ್ಟದಲ್ಲಿ, ಕಾರ್ಕಳ ಸೀಮೆಯ ಮಾಳದ ಮೇಲಿನ ಕಾಡಿನಲ್ಲಿ, ಗಂಗಾಮೂಲ ಎಂಬ ಜಾಗವಿದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಅಲ್ಲೇ. ತುಂಗೆಯೂ ಭದ್ರೆಯೂ ಕೂಡಿ ಹರಿದು ಕೊನೆಗೆ ನಮ್ಮ ಕೃಷ್ಣೆಯನ್ನೇ ಸೇರುತ್ತವೆ. ಆ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದಳು. ಮನೆಮಾತು ಮರಾಠಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ದೊಡ್ಡ ವಿದ್ವಾಂಸರು ಕಾಡಿಗೆ ಯಾಕೆ ಹೋದರು? ಹೆಂಡತಿಗೆ ಸಂಸ್ಕೃತ ಕಲಿಸಿದರು, ಅದಕ್ಕೆ. ಶಾಸ್ತ್ರಿಗಳು ಹುಡುಗರಾಗಿದ್ದಾಗ ಪುಣೆಯಲ್ಲಿ ಅವರ ಗುರುಗಳು ಪೇಶ್ವೆಯ ಅರಮನೆಯ ಹೆಣ್ಣುಮಗಳಿಗೆ ಪಾಠ ಹೇಳುತ್ತಿದ್ದುದನ್ನು ಕಂಡಿದ್ದರು. ಅರಮನೆಯಲ್ಲಿ ಆಗುವುದು ನಮ್ಮ ಮನೆಯಲ್ಲಿ ಯಾಕಾಗಬಾರದು ಎಂದು ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸತೊಡಗಿದರು. ಊರ ಪಂಡಿತರು ಮುನಿದರು. ಶಾಸ್ತ್ರಿಗಳು ವಾದ ಮಾಡಿದರು, ಆಮೇಲೆ ಗಂಟುಮೂಟೆ ಕಟ್ಟಿ ಕಾಡು ಸೇರಿದರು.

ಅಲ್ಲಿಯೂ ಉಳಿಯಲಾಗಲಿಲ್ಲ. ಬಂದ ಯಾತ್ರಿಕರಿಗೆಲ್ಲ ಅನ್ನ ಹಾಕಿ ಹಾಕಿ ಕೈ ಬರಿದಾಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಆಕೆಯನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟ ಇಳಿಸಿದರಂತೆ. ಅಂದು ಶುರುವಾದ ತಿರುಗಾಟ ಇಪ್ಪತ್ತು ವರ್ಷ ನಿಲ್ಲಲಿಲ್ಲ. ಊರಿಂದೂರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ಗುಡಿಯಲ್ಲಿ ಕೂತು ಪುರಾಣ ಓದುವುದು, ಭಕ್ತರು ಕೊಟ್ಟದ್ದರಲ್ಲಿ ಊಟ. ಶಾಲೆ ಎಂಬುದಿಲ್ಲ. ಹಕ್ಕಿ ಏಳುವ ಮೊದಲೇ ತಾಯಿ ಎಬ್ಬಿಸಿ, ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದಳು. ಹೀಗೇ ಭಾಗವತದ ಸಾವಿರಾರು ಶ್ಲೋಕ ಆ ಹುಡುಗಿಗೆ ಬಾಯಿಪಾಠವಾದವು. ತಾಯಿಯ ಮಡಿಲಿನ ಶಾಲೆ ಎಂದರೆ ಎಷ್ಟು ದೊಡ್ಡದು ನೋಡಿ! (ಬೆಳಿಗ್ಗೆ ಎಂಟಕ್ಕೂ ಏಳದ ಮೊಮ್ಮಕ್ಕಳು ಈ ಸಾಲನ್ನು ಎರಡು ಸಲ ಓದಬೇಕು.)

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿತ್ತು. 1876ರಿಂದ 78ರವರೆಗೆ ನಮ್ಮ ಸೀಮೆಯನ್ನು, ಅಂದಿನ ಕಲಾದಗಿ ಜಿಲ್ಲೆಯನ್ನು ಹುರಿದು ಹಾಕಿದ ದೊಡ್ಡ ಬರವೂ ಆ ದಶಕದ್ದೇ. ಶಾಸ್ತ್ರಿಗಳ ಸಂಸಾರಕ್ಕೆ ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ಇದ್ದ ಒಡವೆ, ಪಾತ್ರೆ, ಬಟ್ಟೆ ಮಾರಿದರು. ಉಪವಾಸ, ವ್ರತ, ಜಪ ಮಾಡಿದರು. ಆಮೇಲೆ ಕಾಡಿನ ಸೊಪ್ಪು ತಿಂದರು. ಮೊದಲು ತಂದೆ ಹೋದರು. ಶವ ಹೊರಲು ಯಾರೂ ಬರಲಿಲ್ಲ, ಅಣ್ಣ ಶ್ರೀನಿವಾಸ ಒಬ್ಬನೇ ಹೊತ್ತುಕೊಂಡು ಹೋದ. ಕೆಲವು ವಾರಗಳಲ್ಲಿ ತಾಯಿ ಹಾಸಿಗೆ ಹಿಡಿದಳು. ಒಂದು ತುಂಡು ರೊಟ್ಟಿ ಬೇಕೆಂದಳು. ರಮಾ ನೆರೆಮನೆಯ ಬಾಗಿಲಲ್ಲಿ ನಿಂತಳು, ಗಂಟಲು ಕಟ್ಟಿ ಮಾತೇ ಬರಲಿಲ್ಲ. ಆ ಮನೆಯ ತಾಯಿ ಒಂದು ತುಂಡು ಸಜ್ಜಿ ರೊಟ್ಟಿ ಕೊಟ್ಟಳು. ತಂದು ಬಾಯಿಗಿಟ್ಟರೆ ತಾಯಿಗೆ ಅಗಿಯುವ ಶಕ್ತಿಯಿಲ್ಲ. ಕೆಲವೇ ದಿನಗಳಲ್ಲಿ ಅವಳೂ ಹೋದಳು. ಚಟ್ಟಕ್ಕೆ ನಾಲ್ಕು ಹೆಗಲು ಬೇಕಲ್ಲ, ಇಬ್ಬರು ಬ್ರಾಹ್ಮಣರು ಬಂದರು, ಅಣ್ಣ ಮೂರನೆಯವನು, ನಾಲ್ಕನೆಯವಳು ರಮಾ. ಎತ್ತರ ಸಾಲದೆ ಅವಳು ತಲೆಯ ಮೇಲೆ ಹೊತ್ತಳು. ಆಗ ಅವಳಿಗೆ ಹದಿನಾರರ ಆಸುಪಾಸು. ಸ್ವಲ್ಪ ದಿನಕ್ಕೆ ಅಕ್ಕನೂ ಹೋದಳು.

ಇಲ್ಲಿಗೆ ಬಂದಾಗ ಮೊಮ್ಮಗಳು ನನ್ನ ಕೈ ಹಿಡಿದು, “ಸಾಕು ಅಜ್ಜಾ, ಸುಖದ್ದು ಹೇಳು,” ಎಂದಳು. ಹೇಳುತ್ತಿದ್ದೆ, ಕಥೆಯಲ್ಲಿ ಸುಖ ಇನ್ನೂ ದೂರವಿತ್ತು.

ಅಣ್ಣ-ತಂಗಿ ಇಬ್ಬರೇ ಬರಿಗಾಲಲ್ಲಿ ಸಾವಿರಾರು ಮೈಲಿ ನಡೆದರು, ಪಂಜಾಬ್, ಕಾಶ್ಮೀರದವರೆಗೂ. ಹೊದೆಯಲು ಕಂಬಳಿ ಇರಲಿಲ್ಲ. ಒಮ್ಮೆ ಝೇಲಂ ನದಿಯ ದಂಡೆಯಲ್ಲಿ ಚಳಿ ತಾಳಲಾರದೆ ಎರಡು ಗುಂಡಿ ತೋಡಿ, ಅದರಲ್ಲಿಳಿದು, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು. ಇದನ್ನು ಆಕೆಯೇ ಮುಂದೆ ಬರೆದಿದ್ದಾಳೆ. ಇಷ್ಟು ವ್ರತ, ಇಷ್ಟು ಯಾತ್ರೆ ಮಾಡಿದ ತಂದೆ-ತಾಯಿಗೆ ಹೀಗೇಕಾಯಿತು ಎಂಬ ಪ್ರಶ್ನೆ ಆ ಗುಂಡಿಯೊಳಗೂ ಅವಳ ಜೊತೆ ಇದ್ದಿರಬೇಕು. ಹುಟ್ಟಿನಿಂದ ಬಂದ ನಂಬಿಕೆ ಸಡಿಲವಾದದ್ದು ಆ ವರ್ಷಗಳಲ್ಲೇ.

1878ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹೆಣ್ಣುಮಗಳು ನೀರು ಕುಡಿದಂತೆ ಸಂಸ್ಕೃತ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ‘ಪಂಡಿತಾ’ ಎಂದು, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಸುಖ ಬಂತು ಅನ್ನಿ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು ಜಾತಿ ನೋಡದೆ ಮದುವೆಯಾದಳು. ಮರುವರ್ಷ ಮಗಳು ಹುಟ್ಟಿದಳು, ಮನೋರಮಾ ಎಂದು ಹೆಸರಿಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಕಾಲರಾ ಬಂದು ಗಂಡನೂ ಹೋದ. ಇಪ್ಪತ್ಮೂರು ವರ್ಷದ ವಿಧವೆ, ಕಂಕುಳಲ್ಲಿ ಹಸುಗೂಸು. ಆ ಕಾಲದಲ್ಲಿ ವಿಧವೆಯ ಪಾಡು ಏನೆಂದು ನನ್ನ ಓರಗೆಯ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿರುತ್ತೀರಿ. ಮಕ್ಕಳಿಗೆ ಬೇಕಾದಷ್ಟನ್ನು ನೀವೇ ಹೇಳಿ.

ಗಂಡನ ಪುಸ್ತಕಗಳ ನಡುವೆ ಆಕೆಗೊಂದು ಬಂಗಾಳಿ ಹೊತ್ತಿಗೆ ಸಿಕ್ಕಿತ್ತು. ಲೂಕನು ಬರೆದ ಸುವಾರ್ತೆ. ಕುತೂಹಲದಿಂದ ಓದಿದ್ದಳು, ಅಷ್ಟೇ. ಪುಣೆಗೆ ಬಂದು ಹೆಣ್ಣುಮಕ್ಕಳಿಗಾಗಿ ಕೆಲಸ ಆರಂಭಿಸಿದ ಮೇಲೆ, ವೈದ್ಯೆಯಾಗಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟಳು. ‘ಸ್ತ್ರೀ ಧರ್ಮ ನೀತಿ’ ಎಂಬ ತನ್ನ ಮರಾಠಿ ಪುಸ್ತಕ ಮಾರಿ ಬಂದ ಹಣವೇ ಹಡಗಿನ ಖರ್ಚಿಗಾಯಿತು. ಆದರೆ ಅವಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕಿವಿ ಕೇಳದವರು ವೈದ್ಯರಾಗುವುದು ಹೇಗೆ? ಆ ಬಾಗಿಲೂ ಮುಚ್ಚಿತು.

ವಾಂಟೇಜ್ ಎಂಬ ಊರಿನ ಸನ್ಯಾಸಿನಿಯರ ಮಠದಲ್ಲಿ ಅವಳಿದ್ದಳು. ದಾರಿ ತಪ್ಪಿದವರೆಂದು ಲೋಕ ಹೊರಗಿಟ್ಟ ಹೆಂಗಸರಿಗಾಗಿ ಆ ಸನ್ಯಾಸಿನಿಯರು ಒಂದು ಮನೆ ನಡೆಸುತ್ತಿದ್ದರು. ಅದನ್ನು ನೋಡಿ ರಮಾಬಾಯಿಗೆ ಆಶ್ಚರ್ಯ. ಇಂಥವರನ್ನು ಮುಟ್ಟಿ, ಊಟ ಬಡಿಸಿ, ಗೌರವದಿಂದ ಮಾತಾಡಿಸುವ ಜನವೂ ಇದ್ದಾರೆಯೇ? ಯಾಕೆ ಹೀಗೆ ಎಂದು ಕೇಳಿದಾಗ, ಅವರು ಬೈಬಲಿನಲ್ಲಿ ಯೋಹಾನನು ಬರೆದ ಒಂದು ಕಥೆ ಓದಿ ಹೇಳಿದರು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬಳೇ ಬಾವಿಗೆ ಬರುವ ಸಮಾರ್ಯದ ಹೆಂಗಸು. ಅವಳ ಕೈಯಿಂದ ಬೇರೆ ಜನ ನೀರು ಮುಟ್ಟರು. ಯೇಸು ಅವಳಲ್ಲೇ ನೀರು ಕೇಳುತ್ತಾನೆ, ಕೂತು ಮಾತಾಡುತ್ತಾನೆ. ಬಾವಿಕಟ್ಟೆಯ ಜಾತಿ-ಜಗಳ ಕಂಡ ನಮ್ಮ ಹಳ್ಳಿಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. 1883ರ ಸೆಪ್ಟೆಂಬರ್ 29ರಂದು ತಾಯಿ-ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

“ಅಲ್ಲಿಗೆ ಸುಖ ಆತು,” ಎಂದಳು ಮೊಮ್ಮಗಳು.

ಎಲ್ಲಿಯ ಸುಖ! ಕಷ್ಟ ಶುರುವಾದದ್ದೇ ಅಲ್ಲಿಂದ. ಭಾರತದಲ್ಲಿ ಪತ್ರಿಕೆಗಳು ಬಾಯಿಗೆ ಬಂದಂತೆ ಬರೆದವು. ಬಿರುದು ಕೊಟ್ಟವರೇ ಮುಖ ತಿರುಗಿಸಿದರು. ಇನ್ನು ಕ್ರೈಸ್ತರಾದರೂ ಖುಷಿಪಟ್ಟರೇ? ಅದೂ ಇಲ್ಲ. ಈಕೆ ಎಲ್ಲವನ್ನೂ ಪ್ರಶ್ನಿಸುವವಳು. ಈ ಮಾತು ಬೈಬಲಿನಲ್ಲಿ ಎಲ್ಲಿದೆ ತೋರಿಸಿ, ಇಲ್ಲದಿದ್ದರೆ ನಾನು ಯಾಕೆ ಒಪ್ಪಬೇಕು ಎಂದು ಗುರುಗಳ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕೇನು ಕಡಿಮೆ ಎಂದಳು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಹಟಮಾರಿ, ಅಹಂಕಾರಿ ಎಂದು ಅವರೂ ಬೇಸರಪಟ್ಟುಕೊಂಡರು. ಹೀಗೆ ಈ ದಂಡೆಗೂ ಸಲ್ಲದೆ ಆ ದಂಡೆಗೂ ಸಲ್ಲದೆ ನಡುಹೊಳೆಯಲ್ಲಿ ನಿಂತ ಹೆಣ್ಣುಮಗಳು. ಅಪ್ಪನ ಮಗಳೇ ಸರಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

1886ರಲ್ಲಿ ಅಮೆರಿಕಕ್ಕೆ ಹೋದಳು. ವೈದ್ಯ ಪದವಿ ಪಡೆದ ಆನಂದಿಬಾಯಿ ಜೋಶಿಯವರ ಪದವಿದಾನ ಸಮಾರಂಭಕ್ಕೆಂದು ಹೋದವಳು ಅಲ್ಲೇ ಉಳಿದು, ಊರೂರು ಸುತ್ತಿ ಭಾರತದ ಬಾಲವಿಧವೆಯರ ಬಗ್ಗೆ ಮಾತಾಡಿದಳು, ಪುಸ್ತಕ ಬರೆದಳು. ಬೋಸ್ಟನ್ನಿನಲ್ಲಿ ಒಂದು ಸಂಘ ಹುಟ್ಟಿತು, ಹತ್ತು ವರ್ಷ ಹಣ ಕೊಡುತ್ತೇವೆ ಎಂದಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ತೆರೆಯಿತು. ವಿಧವೆಯರಿಗಾಗಿ ಶಾಲೆ, ವಸತಿ. ಹೆಸರು ನೋಡಿದಿರಾ, ಶಾರದೆಯದು. ಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಎಂಬಾಕೆ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಹೌದು, ಭಾರತರತ್ನ ಪಡೆದ ಮಹರ್ಷಿ ಕರ್ವೆಯವರೇ.

ಮರುವರ್ಷ ಶಾಲೆ ಪುಣೆಗೆ ಬಂತು. ಇಲ್ಲಿ ಯಾರಿಗೂ ಧರ್ಮ ಬೋಧಿಸುವುದಿಲ್ಲ ಎಂದು ಮಾತಾಗಿತ್ತು. ಹುಡುಗಿಯರಿಗೆ ಅವರವರ ಪೂಜೆ, ಅವರವರ ಊಟ. ಆದರೆ ರಮಾಬಾಯಿ ತನ್ನ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥಿಸುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಸುದ್ದಿ ಹಬ್ಬಿತು. ‘ಕೇಸರಿ’ ಪತ್ರಿಕೆ ಗುಡುಗಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೂ ಸಲಹಾ ಸಮಿತಿ ಬಿಟ್ಟರು. ಪಾಲಕರು ಬಂದು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಕರೆದುಕೊಂಡು ಹೋದರು.

ಇಲ್ಲಿ ನನ್ನ ಮಾತೊಂದು. ಪಾಲಕರ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಮೊಮ್ಮಗಳನ್ನು ಓದಲು ಕಳಿಸಿದ ಕಡೆ ಮನೆಯ ನಂಬಿಕೆ ಬದಲಾಗುತ್ತಿದೆ ಎಂದು ಗೊತ್ತಾದರೆ ನಾನೂ ಗಾಬರಿಯಾಗುತ್ತಿದ್ದೆನೇನೋ. ರಮಾಬಾಯಿ ಬಾಗಿಲು ಹಾಕಿಕೊಂಡಿದ್ದರೆ ಶಾಲೆ ಉಳಿಯುತ್ತಿತ್ತಲ್ಲ ಎಂದೂ ಅನ್ನಿಸುತ್ತದೆ. ಆದರೆ ನನ್ನದೇ ಮನೆಯಲ್ಲಿ ನಾನು ಕದ್ದು ಪ್ರಾರ್ಥಿಸಬೇಕೇ ಎಂದು ಆಕೆ ಕೇಳಿದರೆ, ಅದಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಆಕೆ ಬಾಗಿಲು ಹಾಕಲಿಲ್ಲ, ಶಾಲೆಯನ್ನೂ ಮುಚ್ಚಲಿಲ್ಲ. ಉಳಿದ ಹುಡುಗಿಯರಿಗೆ ಪಾಠ ಮುಂದುವರಿಯಿತು.

ಇನ್ನೊಂದು ವಿಷಯ ಇದೆ, ನನಗೆ ಆಕೆಯ ಕಥೆಯಲ್ಲಿ ಬಹಳ ಹಿಡಿಸಿದ್ದು ಅದು. ದೀಕ್ಷೆ ತೆಗೆದುಕೊಂಡು ಸುಮಾರು ಎಂಟು ವರ್ಷ, ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದ ಮಾತನ್ನು ಆಕೆ ಬರೆದಿದ್ದಾಳೆ. ಯೋಚಿಸಿ ನೋಡಿ. ಲೋಕವೆಲ್ಲ ಯಾವ ನಂಬಿಕೆಗಾಗಿ ಬೈಯುತ್ತಿತ್ತೋ, ಆ ನಂಬಿಕೆ ಒಳಗೆ ಇನ್ನೂ ಗಟ್ಟಿಯಾಗಿರಲಿಲ್ಲ. ಹೊರಗೆ ಏಟು, ಒಳಗೆ ಬರಿದು. ಅಂಥ ಎಂಟು ವರ್ಷ ಆಕೆ ಓದುವುದನ್ನು ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. 1891ರ ಹೊತ್ತಿಗೆ ಮನಸ್ಸಿಗೆ ಒಂದು ನೆಲೆ ಸಿಕ್ಕಿತು ಎನ್ನುತ್ತಾಳೆ. ಪಾಲಕರು ಹುಡುಗಿಯರನ್ನು ಕರೆದುಕೊಂಡು ಹೋದದ್ದು ಅದಾದ ಎರಡು ವರ್ಷಕ್ಕೆ.

1896ರ ಕೊನೆಗೆ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ಆ ಸಜ್ಜಿ ರೊಟ್ಟಿಯ ತುಂಡು ನೆನಪಾಗದೆ ಇದ್ದೀತೇ? ಕೈಯಲ್ಲಿ ಹಣವಿಲ್ಲ, ಆದರೂ ರೈಲು ಹತ್ತಿ ಹೋದಳು. ಅನಾಥ ಹುಡುಗಿಯರು, ವಿಧವೆಯರು, ಎಲುಬಿನ ಗೂಡುಗಳಂತಿದ್ದವರನ್ನು ಕರೆತಂದಳು, ಸುಮಾರು ಮುನ್ನೂರು ಜನ. ಪುಣೆಯಲ್ಲಿ ಅದೇ ಹೊತ್ತಿಗೆ ಪ್ಲೇಗು. ಇಷ್ಟು ಜನರನ್ನು ಅಲ್ಲಿಡಲು ಸರ್ಕಾರ ಬಿಡಲಿಲ್ಲ. ಪ್ಲೇಗಿನ ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗಾಗುವ ಅನ್ಯಾಯದ ಬಗ್ಗೆ ಆಕೆ ಪತ್ರಿಕೆಗೆ ಬರೆದು ಸರ್ಕಾರದ ಕಣ್ಣಿಗೂ ಮುಳ್ಳಾದಳು.

ಕೇಡಗಾಂವ್ ಎಂಬಲ್ಲಿ ಸುಮಾರು ನೂರು ಎಕರೆ ಹೊಲವನ್ನು ಮೊದಲೇ ಕೊಂಡಿದ್ದರು. ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವವರು ದೌಂಡ್ ದಾಟಿದ ಮೇಲೆ ಆ ಸ್ಟೇಷನ್ನು ನೋಡಬಹುದು. ಬರಡು ಬಯಲು. ಅಲ್ಲಿ ಗುಡಿಸಲು ಹಾಕಿ, ಬಾವಿ ತೋಡಿಸಿ, ಎಲ್ಲರನ್ನೂ ಕರೆದುಕೊಂಡು ಹೋದಳು. ಆ ಜಾಗಕ್ಕೆ ‘ಮುಕ್ತಿ’ ಎಂದು ಹೆಸರಿಟ್ಟಳು. 1900ರಲ್ಲಿ ಗುಜರಾತಿನ ಬರ ಬಂತು, ಅಲ್ಲಿಂದಲೂ ಕರೆತಂದಳು. ಆಗ ಮುಕ್ತಿಯಲ್ಲಿ ಉಣ್ಣುವ ಬಾಯಿ ಸಾವಿರದ ಐನೂರಕ್ಕೂ ಹೆಚ್ಚು! ಅಮೆರಿಕದ ಸಂಘ ಒಪ್ಪಿಕೊಂಡಿದ್ದ ಹತ್ತು ವರ್ಷ ಅಷ್ಟರಲ್ಲಿ ಮುಗಿದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ ಎಂಬುವರು ಯಾರಲ್ಲೂ ಚಂದಾ ಕೇಳದೆ, ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ್ದರು. ಅವರ ಕಥೆ ಓದಿ ಈಕೆಯೂ ಅದೇ ದಾರಿ ಹಿಡಿದಳು. ಲೆಕ್ಕದ ಮನುಷ್ಯನಾದ ನನಗೆ ಇದು ಇಂದಿಗೂ ಅರಗುವುದಿಲ್ಲ. ಆದರೆ ಮುಕ್ತಿ ನಡೆದದ್ದು ಮಾತ್ರ ಸುಳ್ಳಲ್ಲ, ಅದು ಇಂದಿಗೂ ನಡೆಯುತ್ತಿದೆ.

ಮುಕ್ತಿಯಲ್ಲಿ ಬರೀ ಊಟ, ಪ್ರಾರ್ಥನೆ ಅಲ್ಲ. ಹುಡುಗಿಯರು ಹೊಲ ಮಾಡಿದರು, ಹಸು ಸಾಕಿದರು, ಎಣ್ಣೆ ತೆಗೆದರು. ನಮ್ಮ ಬನಹಟ್ಟಿ-ರಬಕವಿಯವರಿಗೆ ಹೇಳಲೇಬೇಕಾದ್ದು, ಮಗ್ಗದಲ್ಲಿ ಬಟ್ಟೆ ನೇಯ್ದರು. ಕಣ್ಣು ಕಾಣದ ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದಳು. ಲೋಕ ಹೊರಗಿಟ್ಟ ಹೆಂಗಸರಿಗೆ ‘ಕೃಪಾ ಸದನ’ ಎಂಬ ಮನೆಯಾಯಿತು, ಇಂಗ್ಲೆಂಡಿನಲ್ಲಿ ಕಂಡದ್ದು ಆಕೆಗೆ ಮರೆತಿರಲಿಲ್ಲ. ನಮ್ಮ ಕಡೆಗೂ ಆ ಕೈ ಚಾಚಿತು. 1910ರ ದಶಕದ ಆರಂಭದಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ‘ಶಾಂತಿ ಸದನ’ ಎಂಬ ಶಾಲೆ ತೆರೆದು ಮನೋರಮಾ ಅದನ್ನು ನೋಡಿಕೊಂಡಳು.

ಮುಕ್ತಿಯಲ್ಲೇ ಒಂದು ಛಾಪಖಾನೆಯೂ ಇತ್ತು. ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆಗಿನ ಮರಾಠಿ ಬೈಬಲಿನಲ್ಲಿ ಸಂಸ್ಕೃತ ಶಬ್ದಗಳು ಬಹಳ. ಓದುಬರಹ ಈಗಷ್ಟೇ ಕಲಿತ ಹಳ್ಳಿಯ ಹುಡುಗಿಯರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅವರಿಗಾಗಿ ಇಡೀ ಬೈಬಲನ್ನು ಸಾದಾ ಮರಾಠಿಗೆ ತರಲು ರಮಾಬಾಯಿ ಹೊರಟಳು. ಅದು ಸಣ್ಣ ಪುಸ್ತಕವಲ್ಲ ಮಕ್ಕಳೇ, ಅರವತ್ತಾರು ಪುಸ್ತಕಗಳು ಕೂಡಿದ್ದು. ಮೂಲದಿಂದಲೇ ತರಬೇಕೆಂದು ಆ ವಯಸ್ಸಿನಲ್ಲಿ ಹೀಬ್ರೂ ಕಲಿತಳು, ಗ್ರೀಕ್ ಕಲಿತಳು. ಸಂಸ್ಕೃತದಲ್ಲಿ ‘ಸರಸ್ವತಿ’ ಎನ್ನಿಸಿಕೊಂಡವಳು ಒಂದೊಂದು ಸಂಸ್ಕೃತ ಶಬ್ದವನ್ನೂ ಹೆಕ್ಕಿ ತೆಗೆದು, ರೊಟ್ಟಿ ಬಡಿಯುವವರ ಮಾತಿನಲ್ಲಿ ಅದನ್ನು ಹೇಳುವುದು ಹೇಗೆ ಎಂದು ಹುಡುಕುತ್ತ ಕೂತಳು. ಬರಗಾಲದಲ್ಲಿ ಬದುಕುಳಿದ ಹುಡುಗಿಯರೇ ಸೀಸದ ಅಕ್ಷರ ಜೋಡಿಸಿದರು, ಅವರೇ ಮುದ್ರಿಸಿದರು. ವರ್ಷಗಟ್ಟಲೆ ನಡೆಯಿತು ಕೆಲಸ. ಕಿವಿ ಪೂರ್ತಿ ಮಂದವಾಯಿತು, ಮೈ ಸೋತಿತು. 1919ರಲ್ಲಿ ಸರ್ಕಾರ ‘ಕೈಸರ್-ಇ-ಹಿಂದ್’ ಪದಕ ಕೊಟ್ಟಿತು. ಅದೇನು ದೊಡ್ಡದಲ್ಲ ಬಿಡಿ.

ತನ್ನ ನಂತರ ಮುಕ್ತಿಯನ್ನು ಮನೋರಮಾ ನೋಡಿಕೊಳ್ಳುತ್ತಾಳೆ ಎಂಬುದು ತಾಯಿಯ ನೆಮ್ಮದಿಯಾಗಿತ್ತು. 1921ರ ಜುಲೈ 24ರಂದು ಮನೋರಮಾ ತೀರಿಕೊಂಡಳು. ನಲವತ್ತು ವರ್ಷ. ಕಂಕುಳಲ್ಲಿ ಹೊತ್ತು ಸಮುದ್ರ ದಾಟಿದ ಮಗಳು, ಉಳಿದಿದ್ದ ಒಂದೇ ಕರುಳು.

ಮೊಮ್ಮಗಳು ಇಲ್ಲಿ ಏನೂ ಕೇಳಲಿಲ್ಲ. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮಕ್ಕಳನ್ನು ಕಳೆದುಕೊಂಡ ಹಿರಿಯರು ಈ ಪುಟ ಓದುತ್ತಿರಬಹುದು, ಅವರಿಗೆ ನಾನು ಹೇಳುವುದೇನಿದೆ?

ರಮಾಬಾಯಿ ಮತ್ತೆ ಹೋಗಿ ಕರಡಚ್ಚಿನ ಮುಂದೆ ಕೂತಳು. ಬೈಬಲಿನಲ್ಲಿ ಯೋಬನ ಪುಸ್ತಕ ಎಂದೊಂದಿದೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡ ಮನುಷ್ಯ ಬೂದಿಯಲ್ಲಿ ಕೂತು, ಇದು ನ್ಯಾಯವೇ ಎಂದು ದೇವರನ್ನೇ ಕೇಳುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ನೀನೇ ಏನೋ ತಪ್ಪು ಮಾಡಿರಬೇಕು ಎನ್ನುತ್ತಾರೆ. ಪುಸ್ತಕದ ಕೊನೆಗೆ ದೇವರು ಬೈಯುವುದು ಆ ಗೆಳೆಯರನ್ನು. ಆ ಪುಸ್ತಕವನ್ನೂ ಆಕೆ ಹಳ್ಳಿಯ ಮರಾಠಿಗೆ ತಂದಿದ್ದಳು.

ಕೊನೆಯ ಕರಡು ತಿದ್ದಿ ಮುಗಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ರಮಾಬಾಯಿ ಹೋದಳು. ಅರವತ್ನಾಲ್ಕು ತುಂಬಲು ಹದಿನೆಂಟು ದಿನ ಉಳಿದಿತ್ತು. ಇಡೀ ಪುಸ್ತಕ ಹೊರಬಂದದ್ದು 1924ರಲ್ಲಿ, ಆಕೆ ಅದನ್ನು ಕೈಯಲ್ಲಿ ಹಿಡಿಯಲಿಲ್ಲ.

ಮಾರನೆಯ ದಿನ ಸಂಜೆ ಕಾಕಾ ಕೆಲಸದಿಂದ ಬರುವಾಗ ಮೊಮ್ಮಗಳು ಕಟ್ಟೆಯ ಮೇಲಿದ್ದಳು. ಈ ಸಲ ಬೇರೆ ಪ್ರಶ್ನೆ. “ಕಾಕಾ, ಕೇಳ್ತೀನಿ ಅಂತ ಹೋಗಿದ್ರಲ್ಲ, ಏನಂದ್ರು?”

ಕಾಕಾ ನಕ್ಕರು. “ಇನ್ನೂ ಏನೂ ಅಂದಿಲ್ಲ. ಬರೂ ಐತವಾರ ಮತ್ತ ಕೇಳ್ತೀನಿ,” ಎಂದರು. ಹಾಸಿನ ಎಳೆ ಕಡಿದರೆ ಗಂಟು ಹಾಕುವುದನ್ನು ತೋರಿಸಿಕೊಡಿ ಎಂದು ಅವಳು ದುಂಬಾಲು ಬಿದ್ದಳು. ಕಾಕಾ ಜೇಬಿನಿಂದ ಎರಡು ನೂಲು ತೆಗೆದರು. ಕತ್ತಲಾಗುವವರೆಗೂ ಇಬ್ಬರದೂ ಅದೇ ಕೆಲಸ. ಅವಳು ಹಾಕಿದ ಗಂಟು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಹಾಕುತ್ತಿದ್ದಳು.

ಅಂಚೆಚೀಟಿ ಕೂಡಿಸುವ ಮಕ್ಕಳಿಗೆ ಒಂದು ಸಣ್ಣ ಕೆಲಸ. 1989ರಲ್ಲಿ ಅಂಚೆ ಇಲಾಖೆ ಪಂಡಿತಾ ರಮಾಬಾಯಿಯ ಚೀಟಿ ತಂದಿತ್ತು. ಮನೆಯಲ್ಲಿ ಅಜ್ಜನ ಹಳೆಯ ಆಲ್ಬಮ್ ಇದ್ದರೆ ಹುಡುಕಿ ನೋಡಿ, ಸಿಕ್ಕರೆ ನನಗೊಂದು ಕಾರ್ಡು ಹಾಕಿ. ಮುಂದಿನ ವಾರ ಬೆಲ್ಲದ ಗಾಣ, ಮರೆಯುವುದಿಲ್ಲ.

ನಿಮ್ಮ
ಕಟ್ಟೆಯ ಅಜ್ಜ, ಚಿಮ್ಮಡ